ಆಟದ ಸಾಮಾನು

ಸೇತುವೆಯ ನಡುವೆ ಒಂದು ಏರು ಇದೆ. ಬರಿಗೈಯಲ್ಲಿ ನಡೆದು ಬರುವವರಿಗೆ ಅದು ತಿಳಿಯುವುದಿಲ್ಲ. ಗಾಡಿ ಎಳೆಯುವವರಿಗೆ ತಿಳಿಯುತ್ತದೆ. ಆ ಏರಿನಲ್ಲಿ ನಿಮೊಲ್‌ನ ಎದೆಗೆ ಬಿಗಿದ ಹಗ್ಗ ಮಾಂಸದೊಳಕ್ಕೆ ಇಳಿಯುತ್ತದೆ. ಅಲ್ಲಿಯ ಚರ್ಮ ಎಮ್ಮೆಯ ಹೆಗಲಿನಂತೆ ಗಟ್ಟಿಯಾಗಿ ಕಪ್ಪಾಗಿದೆ. ಹಿಂದಿನಿಂದ ಅವನ ಹೆಂಡತಿ ಕುಂಥಿಯಾ ತಲೆ ಒತ್ತಿ ಗಾಡಿ ನೂಕುತ್ತಾಳೆ. ಕೈಗಳ ಬಲ ಸಾಲುವುದಿಲ್ಲ.

ಆಚೆ ಥಾಯ್ ನೆಲ, ಈಚೆ ನಮ್ಮ ಕಾಂಬೋಡಿಯ, ನಡುವೆ ಕೊಳೆತ ನೀರಿನ ತೊರೆ. ಲಾರಿಗಳು ಆಚೆಯೇ ನಿಲ್ಲುತ್ತವೆ. ಈರುಳ್ಳಿ, ಮಂಜುಗಡ್ಡೆ, ಹಳೆಬಟ್ಟೆ, ಫ್ಯಾನು, ಹಾಸಿಗೆ, ಎಲ್ಲವೂ ಮನುಷ್ಯರ ಎದೆಯ ಬಲದಿಂದಲೇ ಈಚೆಗೆ ಬರಬೇಕು.

ಓ ತ್ಮೈ ಎಂಬ ಗಡಿ ಊರಿನ ಕಸ್ಟಮ್ಸ್ ಕಟ್ಟೆಯ ಎದುರಿಗೆ ನನ್ನ ಗಂಜಿ ಅಂಗಡಿ. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಗಾಡಿಯವರು ಈಗಲೂ ಟೀಚರಮ್ಮ ಎಂದೇ ಕರೆಯುತ್ತಾರೆ. ನಿಮೊಲ್ ಗಂಜಿ ಕುಡಿಯುವಾಗ ಒಣಮೀನಿನ ತುಂಡನ್ನು ಮುಟ್ಟುವುದಿಲ್ಲ. ಬಟ್ಟಲಿನ ಅಂಚಿಗೆ ಸರಿಸಿ ಇಡುತ್ತಾನೆ. ಆಮೇಲೆ ಅದೇ ಬಟ್ಟಲಲ್ಲಿ ಕುಂಥಿಯಾ ಕುಡಿಯುತ್ತಾಳೆ. ಇಬ್ಬರೂ ಆ ಮೀನಿನ ಬಗ್ಗೆ ಎಂದೂ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅವತ್ತು ಬಂದದ್ದು ಮರದ ಪೆಟ್ಟಿಗೆಗಳು. ಏಜೆಂಟ್ ಹೆಂಗ್ ಛತ್ರಿ ಹಿಡಿದು ಗಾಡಿಯ ಪಕ್ಕದಲ್ಲಿ ನಡೆದು ಬರುತ್ತಿದ್ದ. ಛತ್ರಿಯ ನೆರಳು ಪೆಟ್ಟಿಗೆಗಳ ಮೇಲಿತ್ತು.

"ಏನಣ್ಣ, ಹೆಣ ತುಂಬಿದೀಯಾ? ಇಷ್ಟು ಭಾರ!" ಕುಂಥಿಯಾ ಹಿಂದಿನಿಂದ ಕೂಗಿದಳು.

"ಆಟದ ಸಾಮಾನು ಕಣಮ್ಮ. ಪೇಂಟ್‌ಬಾಲ್ ಅಂತ. ಸಾಹುಕಾರರ ಹೊಸ ರೆಸಾರ್ಟಿಗೆ. ಪಟ್ಟಣದವರು ಬಂದು ಒಬ್ಬರಿಗೊಬ್ಬರು ಬಣ್ಣದ ಗುಂಡು ಹೊಡ್ಕೊಂಡು ಆಡ್ತಾರೆ."

"ದುಡ್ಡು ಕೊಟ್ಟು ಹೊಡಿಸ್ಕೊಳ್ತಾರಾ? ಇಲ್ಲಿಗೆ ಬರೋಕೆ ಹೇಳು. ಗಡಿ ಕಾಯೋರು ನಮಗೆ ಪುಕ್ಕಟೆ ಹೊಡೀತಾರೆ!"

ಗಾಡಿಯವರೆಲ್ಲ ನಕ್ಕರು. ನಾನೂ ನಕ್ಕೆ.

ಕಸ್ಟಮ್ಸ್ ಕಟ್ಟೆಗೆ ಹತ್ತಲು ಒಂದು ಇಳಿಜಾರು ಇದೆ. ತಪಾಸಣೆ ಮುಗಿಯುವ ತನಕ ಗಾಡಿ ಅಲ್ಲೇ ನಿಲ್ಲಬೇಕು. ಸಮತಟ್ಟಾದ ಜಾಗ ಅಧಿಕಾರಿಗಳ ಕಾರುಗಳಿಗೆ. ಎದುರಿನಲ್ಲಿ ಗಾಡಿಯ ಮೂಕಿಮರ ಹಿಡಿದು ನಿಂತವನು ಕೈ ಬಿಟ್ಟರೆ ಗಾಡಿ ಹಿಂದಕ್ಕೆ ಜಾರಿ ಹಿಂದಿದ್ದವರ ಮೇಲೆ ಹೋಗುತ್ತದೆ. ಹಿಂದಿನವರು ಸರಿದರೆ ಎದುರಿನವನು ಒಬ್ಬನೇ ತಾಳಲಾರ. ನಿಮೊಲ್ ಎದುರಿಗಿದ್ದ. ಕುಂಥಿಯಾ ಹಿಂದಿದ್ದಳು. ನಡುವೆ ಆಳೆತ್ತರದ ಪೆಟ್ಟಿಗೆಗಳು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

ಅಧಿಕಾರಿ ವಿಚೆತ್ ಬಂದು ಒಂದು ಪೆಟ್ಟಿಗೆ ಒಡೆಸಿದ. ಒಳಗೆ ಕಪ್ಪು ಬಂದೂಕುಗಳು ಸಾಲಾಗಿ ಮಲಗಿದ್ದವು.

"ಏನ್ರೀ ಹೆಂಗ್, ಯುದ್ಧ ಮಾಡ್ತೀರಾ?"

"ಆಟದ್ದು ಸಾರ್. ಕಾಗದದಲ್ಲೂ ಆಟದ ಸಾಮಾನು ಅಂತಾನೇ ಇದೆ."

"ಬಂದೂಕಿಗೆ ರಾಜಧಾನಿಯಿಂದ ಪರವಾನಗಿ ಬೇಕು. ಗೊತ್ತಿಲ್ವಾ?"

"ಅದಕ್ಕೆ ತಿಂಗಳುಗಟ್ಟಲೆ ಕಾಯ್ಬೇಕು ಸಾರ್. ನಾಳೆ ಉದ್ಘಾಟನೆ. ದೊಡ್ಡ ದೊಡ್ಡವರೆಲ್ಲ ಬರ್ತಿದಾರೆ. ಸಾಹುಕಾರರು ನಿಮ್ಮನ್ನೂ ಕರೆದಿದಾರೆ."

ವಿಚೆತ್ ಒಂದು ಬಂದೂಕು ಎತ್ತಿ ನೋಡಿದ. ಅದಕ್ಕೆ ಗಾಳಿಯ ಸಿಲಿಂಡರು ಸಿಕ್ಕಿಸಬೇಕು. ಗಡಿ ದಾಟುವಾಗ ಸಿಲಿಂಡರು ಖಾಲಿ ಇರಬೇಕೆಂಬುದು ಕಾನೂನು. ಇವು ತುಂಬಿದ್ದವು. ನಮ್ಮ ಊರಲ್ಲಿ ತುಂಬುವವರಿಲ್ಲವೆಂದು ಹೆಂಗ್ ಆಚೆಯೇ ತುಂಬಿಸಿ ತಂದಿದ್ದ. ವಿಚೆತ್ ಅದನ್ನು ಕೇಳಲೇ ಇಲ್ಲ. ತಿರುಗಿಸಿ ಸಿಕ್ಕಿಸಿದ. ಹಳದಿ ಗುಂಡುಗಳನ್ನು ಸುರಿದ. ಗೋಡೆಗೆ ಒಂದು ಬಿಟ್ಟ. ಟಪ್ ಎಂದು ಗೋಡೆಯ ಮೇಲೆ ಹಳದಿ ಮೊಟ್ಟೆ ಒಡೆದಂತಾಯಿತು.

"ನೋಡಿದ್ರಾ ಸಾರ್? ಬರೀ ಬಣ್ಣ."

"ಗೋಡೆಗೆ ಎಂಥಾ ನೋವು? ಮನುಷ್ಯನಿಗೆ ಹೊಡೆದು ನೋಡ್ಬೇಕು. ಏನೂ ಆಗಲಿಲ್ಲ ಅಂದ್ರೆ ಆಟಿಕೆ."

ಎಲ್ಲರೂ ನಿಮೊಲ್‌ನ ಕಡೆ ನೋಡಿದರು. ಅವನ ಎರಡು ಕೈಗಳೂ ಮೂಕಿಯ ಮೇಲಿದ್ದವು.

"ಮುಖಕ್ಕೆ ಹಾಕೋ ಕವಚ ಇದೆ ಸಾರ್, ಆ ಮೇಲಿನ ಪೆಟ್ಟಿಗೇಲಿ," ಎಂದ ಹೆಂಗ್ ಮೆಲ್ಲಗೆ.

"ಆ ಪೆಟ್ಟಿಗೆಗೆ ಆಗಲೇ ಮುದ್ರೆ ಬಿದ್ದಿದೆ. ಒಡೆದ್ರೆ ಮತ್ತೆ ಮೊದಲಿಂದ ತಪಾಸಣೆ. ಒಡೀಲಾ?"

ಹೆಂಗ್ ಛತ್ರಿ ಮಡಿಸಿದ.

ಮೊದಲ ಗುಂಡು ಎದೆಗೆ ಬಿತ್ತು. ನಿಮೊಲ್ ಹಲ್ಲು ಕಚ್ಚಿದ. ಕಾವಲಿನವರು ನಕ್ಕರು. "ಹೆಂಗಿದೆ ಲೇ?" ಎಂದ ಒಬ್ಬ. ಎರಡನೆಯದು ಕುತ್ತಿಗೆಗೆ. "ಸಾಕು ಸಾಹೇಬ್ರೆ," ಎಂದ ನಿಮೊಲ್. ವಿಚೆತ್ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಮೂರನೆಯದನ್ನು ಬಿಟ್ಟ.

ನಿಮೊಲ್‌ನ ಬಾಯಿಂದ ಬಂದ ಕೂಗು ಮನುಷ್ಯನದಾಗಿರಲಿಲ್ಲ. ಮುಖದ ಅರ್ಧ ಹಳದಿಯಾಯಿತು. ಆಮೇಲೆ ಹಳದಿಯ ಒಳಗಿಂದ ಕೆಂಪು ಇಳಿಯತೊಡಗಿತು.

ಅವನು ಮೂಕಿ ಬಿಡಲಿಲ್ಲ.

"ಯಾಕೆ? ಯಾಕೆ ಕೂಗ್ತಿದೀಯಾ? ಏನಾಯ್ತು?" ಪೆಟ್ಟಿಗೆಗಳ ಆಚೆಯಿಂದ ಕುಂಥಿಯಾ ಕಿರುಚಿದಳು.

"ಕಲ್ಲು ಇಡ್ರೋ. ಚಕ್ರಕ್ಕೆ ಕಲ್ಲು ಇಡ್ರೋ. ಹಿಂದೆ ಅವಳಿದಾಳೆ."

ಗಾಡಿಯವರು ಓಡಿದರು. ಹಿರಿಯ ಯೋನ್ ಚಕ್ರದಡಿಗೆ ಕಲ್ಲು ಒದ್ದು ಸೇರಿಸಿದ. "ಇಟ್ಟಾಯ್ತು ಮಗ, ಬಿಡು," ಎಂದ. ಆಗ ನಿಮೊಲ್ ಬಿಟ್ಟ. ಬಿಟ್ಟಲ್ಲೇ ಕುಸಿದ.

ಯೋನ್ ತನ್ನ ತಲೆಗೆ ಸುತ್ತಿದ್ದ ಚೌಕಳಿ ವಸ್ತ್ರ ಬಿಚ್ಚಿ ಅವನ ಮುಖಕ್ಕೆ ಒತ್ತಿದ. ಮೀನು ಮಾರುವ ಸ್ರೇಯ್ಲಾಕ್ ತನ್ನ ಬುಟ್ಟಿಯ ಮಂಜುಗಡ್ಡೆಯನ್ನೆಲ್ಲ ಎತ್ತಿಕೊಂಡು ಬಂದಳು. ಆ ಬಿಸಿಲಲ್ಲಿ ಅವಳ ಮೀನು ಅವತ್ತೇ ಹಾಳಾಯಿತು. ಕಾವಲಿನ ಹೊಸಬ ರಿಥಿ ತನ್ನ ನೀರಿನ ಬಾಟಲಿಯನ್ನು ಯಾರಿಗೂ ಕಾಣದಂತೆ ನನ್ನ ಕೈಗೆ ತುರುಕಿ ಹೋದ.

ವಿಚೆತ್ ಬಂದೂಕನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಮುದ್ರೆ ಹಾಕಿದ. ಬೇರೆ ಇಬ್ಬರನ್ನು ಹಿಡಿದು ಅದೇ ಗಾಡಿಯನ್ನು ಎಳೆಸಿದರು.

ಜಿಲ್ಲಾ ಆಸ್ಪತ್ರೆಯಲ್ಲಿ ನಿಮೊಲ್‌ನ ಎಡಗಣ್ಣನ್ನು ತೆಗೆದುಹಾಕಿದರು. ಒಳಗೆ ಎಲ್ಲ ಒಡೆದಿದೆ, ಬಿಟ್ಟರೆ ಇನ್ನೊಂದಕ್ಕೂ ಅಪಾಯ ಎಂದರು ವೈದ್ಯರು. "ಏನು ಬಡೀತು?" ಎಂದು ಅವರು ಕೇಳಿದಾಗ ಕುಂಥಿಯಾ "ಆಟದ ಸಾಮಾನು" ಎಂದಳು. ವೈದ್ಯರು ಅವಳನ್ನೇ ನೋಡಿದರು.

ಮುಂದಿನ ವಾರ ನಿಮೊಲ್ ಕುಂಥಿಯಾಳ ಜೊತೆ ಕಟ್ಟೆಗೆ ಬಂದ. ದೂರು ಕೊಡಬೇಕು, ಟೀಚರಮ್ಮ ಜೊತೆಗೆ ಬನ್ನಿ ಎಂದ. ಹೋದೆ. ಗಾಡಿಯವರೂ ಹಿಂದೆ ಬಂದು ವಿಚೆತ್‌ನ ಕೋಣೆಯ ಬಾಗಿಲಲ್ಲಿ ನಿಂತರು.

ವಿಚೆತ್ ಎದ್ದು ನನಗೆ ಕುರ್ಚಿ ಕೊಟ್ಟ. ಅವನ ತಮ್ಮನಿಗೆ ನಾನು ಪಾಠ ಹೇಳಿದ್ದೆ.

"ಹೇಳಪ್ಪ. ಏನಾಯ್ತು?"

"ನೀವು ಹೊಡೆದ್ರಿ ಸಾಹೇಬ್ರೆ. ಕಣ್ಣು ಹೋಯ್ತು."

"ಯಾವುದ್ರಿಂದ ಹೊಡೆದೆ?"

"ಬಂದೂಕಿಂದ."

"ಇಲ್ಲಿಗೆ ಬಂದೂಕು ಬಂದೇ ಇಲ್ವಲ್ಲ. ಬಂದದ್ದು ಆಟದ ಸಾಮಾನು. ಮುದ್ರೆ ಬಿದ್ದಿದೆ. ಆಟದ ಸಾಮಾನಿಂದ ಕಣ್ಣು ಹೋಗುತ್ತೇನಯ್ಯಾ?"

ನಿಮೊಲ್ ಕಣ್ಣಿನ ಮೇಲಿನ ಪಟ್ಟಿ ಮುಟ್ಟಿ ತೋರಿಸಿದ.

"ಇಲ್ಲ, ಅದು ಬಂದೂಕೇ ಅಂತೀಯಾ? ಆಯ್ತು. ಹಂಗಾದ್ರೆ ಪರವಾನಗಿ ಇಲ್ದೆ ಬಂದೂಕು ಗಡಿ ದಾಟಿಸಿದವನು ಯಾರು? ನೀನು. ನಿನ್ನ ಗಾಡಿ. ಎಷ್ಟು ವರ್ಷ ಒಳಗೆ ಕೊಳೀತೀಯ ಗೊತ್ತಾ? ಹೆಂಡತಿನೂ ನೂಕಿದಾಳೆ. ಅವಳೂ ಬರ್ತಾಳೆ." ಅವನ ದನಿ ಮೆತ್ತಗಾಗಿತ್ತು. "ಬಡವ ಇದೀಯ. ನಾನೇ ಒಂದು ದಾರಿ ಹೇಳ್ತೀನಿ. ಗಾಡಿ ಎಳೆಯೋವಾಗ ಬಿದ್ದೆ, ಮೂಕಿ ಚುಚ್ತು ಅನ್ನು. ಹೆಬ್ಬೆಟ್ಟು ಒತ್ತು. ಆಸ್ಪತ್ರೆ ಖರ್ಚು ಹೆಂಗ್ ನೋಡ್ಕೊಳ್ತಾನೆ."

ಕಾಗದ ಮೊದಲೇ ಸಿದ್ಧವಾಗಿತ್ತು. ಮಸಿಯ ಡಬ್ಬಿಯ ಮುಚ್ಚಳವೂ ತೆರೆದಿತ್ತು.

ನಿಮೊಲ್ ಹೆಂಡತಿಯ ಕಡೆ ತಿರುಗಿದ. ಅವಳು ಎಡಗಡೆ ನಿಂತಿದ್ದಳು, ಕಣ್ಣಿಲ್ಲದ ಕಡೆ. ಅವಳನ್ನು ನೋಡಲು ಅವನು ಇಡೀ ಮೈ ತಿರುಗಿಸಬೇಕಾಯಿತು.

"ನಿನ್ನ ಇಷ್ಟ," ಎಂದಳು ಕುಂಥಿಯಾ. "ಸುಳ್ಳು ಹೇಳಿದ್ರೂ ನೂಕ್ತೀನಿ. ನಿಜ ಹೇಳಿದ್ರೂ ನೂಕ್ತೀನಿ."

ನಿಮೊಲ್ ಡಬ್ಬಿಯ ಮುಚ್ಚಳ ಮುಚ್ಚಿದ.

"ಬಂದೂಕು ಸಾಹೇಬ್ರೆ."

"ಏನಂದೆ?"

"ಬಂದೂಕು. ನಾನೇ ಎಳ್ಕೊಂಡು ಬಂದೆ. ಬರ್ಕೊಳ್ಳಿ."

"ನಾನು ನೂಕಿದೆ," ಎಂದಳು ಕುಂಥಿಯಾ.

ಬಾಗಿಲಿಂದ ಯೋನ್ ಮುಂದೆ ಬಂದ. "ಏರಲ್ಲಿ ನಾನೂ ಒಂದು ಕೈ ಹಾಕಿದ್ದೆ. ಬರ್ಕೊಳ್ಳಿ."

"ಹಗ್ಗ ಹರಿದಾಗ ನಂದು ಕೊಟ್ಟೆ," ಎಂದ ಇನ್ನೊಬ್ಬ.

"ನಾನು ದಾರಿ ಬಿಟ್ಟೆ! ಬುಟ್ಟಿ ಸರಿಸ್ಕೊಂಡು!" ಹೊರಗಿಂದ ಸ್ರೇಯ್ಲಾಕ್ ಕೂಗಿದಳು. ಅಷ್ಟರಲ್ಲೂ ಯಾರೋ ನಕ್ಕರು.

ನಾನು ಕುರ್ಚಿಯಿಂದ ಎದ್ದೆ. "ಎಳೆದು ದಣಿದವರಿಗೆ ಗಂಜಿ ಕೊಟ್ಟವಳು ನಾನು. ನನ್ನ ಹೆಸರೂ ಬರ್ಕೊಳ್ಳಪ್ಪ. ಆಮೇಲೆ ಆ ಬಂದೂಕಿಗೆ ಮುದ್ರೆ ಹಾಕಿದವರ ಹೆಸರು. ತರಿಸಿದವರ ಹೆಸರು. ಹೊಡೆದವರ ಹೆಸರು."

ವಿಚೆತ್‌ಗೆ ಅರ್ಥವಾಯಿತು. ನಮ್ಮನ್ನು ಹಿಡಿಯಬೇಕಾದರೆ ಅವನು ಮೊದಲು ಬಂದೂಕು ಎಂದು ಬರೆಯಬೇಕು. ಬರೆದರೆ ಆ ಬಂದೂಕಿನ ಕೊನೆಯ ತುದಿ ಅವನ ಕೈಯಲ್ಲೇ ಇರುತ್ತದೆ. ಅವನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಆಚೆ ದಬ್ರೋ ಈ ನಾಯಿಗಳನ್ನ!"

ದಬ್ಬಿದರು. ನಾವು ಸೇತುವೆಯ ಮೇಲೆ ಕೂತೆವು. ಗಾಡಿಯವರೆಲ್ಲ ಮೂಕಿ ಇಳಿಸಿದರು. ಈರುಳ್ಳಿಯ ಗಾಡಿ, ಮಂಜಿನ ಗಾಡಿ, ಹಾಸಿಗೆಯ ಗಾಡಿ, ಎಲ್ಲವೂ ನಿಂತವು. ಆಚೆಯ ಲಾರಿಗಳು ಹಾರನ್ ಬಡಿಯತೊಡಗಿದವು.

"ಬಂದೂಕು ಅಂತ ಬರೆಯೋವರೆಗೂ ಮೂಕಿ ಎತ್ತಲ್ಲ!" ಕುಂಥಿಯಾ ಕೂಗಿದಳು. ಯೋನ್ ಕೂಗಿದ. ಎಲ್ಲರೂ ಕೂಗಿದರು.

ಮಂಜು ಕರಗಿ ಗಾಡಿಗಳ ಕೆಳಗೆ ಹರಿಯುತ್ತಿದ್ದಾಗ ಲಾಠಿಗಳು ಬಂದವು.

ಮೊದಲು ಮುಂದಿನ ಸಾಲಿನವರ ಮೊಣಕಾಲಿಗೆ ಬಿದ್ದವು. ಆಮೇಲೆ ಬೆನ್ನಿಗೆ, ತಲೆಗೆ. ಯೋನ್‌ನ ಕಿವಿ ಸೀಳಿತು. ಸ್ರೇಯ್ಲಾಕ್‌ಳನ್ನು ಕೂದಲು ಹಿಡಿದು ಎಳೆದರು. ಅವಳು ಗಾಡಿಯ ಚಕ್ರ ಹಿಡಿದಳು, ಬಿಡಲಿಲ್ಲ. ಬೆರಳುಗಳ ಮೇಲೆ ಬೂಟು ಇಟ್ಟರು. ರಿಥಿ ನನ್ನ ಪಕ್ಕದ ನೆಲಕ್ಕೆ ಹೊಡೆಯುತ್ತಿದ್ದ. ಸದ್ದು ಜೋರಾಗಿತ್ತು. ಅವನು ನನ್ನನ್ನು ನೋಡಲಿಲ್ಲ.

"ಆ ಒಕ್ಕಣ್ಣನ್ನ ಹಿಡೀರೋ!" ವಿಚೆತ್ ಕಟ್ಟೆಯ ಮೇಲಿಂದ ಕಿರುಚಿದ. "ಅವನೇ ಮೂಲ!"

ಇಬ್ಬರು ನಿಮೊಲ್‌ನ ಕಡೆ ನುಗ್ಗಿದರು. ಅವನು ಕೂತೇ ಇದ್ದ. ಲಾಠಿ ಮೇಲೆದ್ದಿತು. ಕುಂಥಿಯಾ ತನ್ನ ಅಂಗೈಯನ್ನು ಅವನ ಉಳಿದ ಕಣ್ಣಿನ ಮೇಲೆ ಇಟ್ಟಳು. ಲಾಠಿ ಆ ಕೈಯ ಮೇಲೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು.

ಕೈ ಸರಿಯಲಿಲ್ಲ. ಲಾಠಿ ಮತ್ತೆ ಮೇಲೆದ್ದಿತು. ಆ ಕೈಯ ಮೇಲೆ ಯೋನ್‌ನ ಕೈ ಬಂತು. ಅದರ ಮೇಲೆ ಇನ್ಯಾರದೋ ಕೈ ಬಂತು.