ನಾದಿನಿಗೆ ಇಟ್ಟ ಬೇರೆ ಲೋಟ

ಆಲೂಗಡ್ಡೆ ತಂದು ಬುಟ್ಟಿಯಲ್ಲಿಟ್ಟು ಮರೆತು ನೋಡಿ. ಮೈತುಂಬ ಕಣ್ಣು ಬಿಟ್ಟು, ಕಣ್ಣಿಂದ ಕೊಂಬು ಬಿಟ್ಟು, ನಮ್ಮನ್ನೇ ಹಾಯಲು ಬರುವ ಹಾಗೆ ಕೂತಿರುತ್ತದೆ. ಮನೆಯ ನಾಲ್ಕು ಗಡ್ಡೆಗೆ ಹೀಗಾದರೆ, ಮೂಟೆಗಟ್ಟಲೆ ಇಟ್ಟುಕೊಂಡು ಮಾರುವವರ ಪಾಡೇನು?

ತಕ್ಕಡಿಯಕ್ಕನ ಪಾಡು ಅದೇ ಆಗಿತ್ತು. ಮಾರುಕಟ್ಟೆ ಬೀದಿಯಲ್ಲಿ ಆಲೂಗಡ್ಡೆ, ಈರುಳ್ಳಿ ಮಾರುವ ಹೆಂಗಸು ಅವಳು. ತೂಕದಲ್ಲಿ ಗುಲಗಂಜಿಯಷ್ಟೂ ಆಚೀಚೆ ಮಾಡಿದವಳಲ್ಲ, ಅದಕ್ಕೇ ಆ ಹೆಸರು. ಹೆಸರಿನ ಮೇಲೆ ಅವಳಿಗೆ ಕೊಂಚ ಜಂಬವೂ ಇತ್ತು. ಆದರೆ ಅಂಗಡಿ ತೆರೆಯುವ ಮುಂಚೆ ಪರದೆಯ ಹಿಂದೆ ಅವಳೊಂದು ಕೆಲಸ ಮಾಡುತ್ತಿದ್ದಳು. ಗೋಣಿಚೀಲದ ಮೇಲೆ ಕೂತು ಒಂದೊಂದೇ ಗಡ್ಡೆಯ ಮೊಳಕೆಯನ್ನು ಹೆಬ್ಬೆರಳಿನಿಂದ ಮುರಿದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹಸಿರಾದ ಮಗ್ಗುಲು ಕೆಳಗೆ ಬರುವ ಹಾಗೆ ಜೋಡಿಸುತ್ತಿದ್ದಳು. ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಎಲ್ಲರೂ ಮಾಡುವುದು ತಪ್ಪು ಅಂತ ಯಾರಿಗೆ ಅನ್ನಿಸುತ್ತದೆ ಹೇಳಿ.

ಅವಳ ನಾದಿನಿ, ಅಂದರೆ ಗಂಡನ ತಂಗಿ, ಆಹಾರ ಕೆಡದಿರಲೆಂದು ಅದಕ್ಕೆ ವಿಕಿರಣ ಹಾಯಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಆಲೂಗಡ್ಡೆ, ಈರುಳ್ಳಿ, ಮಾವು, ಮಸಾಲೆ ಪದಾರ್ಥ, ಎಲ್ಲ ಅಲ್ಲಿಗೆ ಬರುತ್ತಿತ್ತು. ಅಲ್ಲಿ ಹಾಯಿಸಿದ ಗಡ್ಡೆಗೆ ಬೇಗ ಮೊಳಕೆ ಬರುವುದಿಲ್ಲ, ನೀವೂ ತರಿಸಿ ಅತ್ತಿಗೆ ಎಂದು ಅವಳು ಹೇಳಿದ್ದುಂಟು. ತಕ್ಕಡಿಯಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕಿರಣದ ಮಾಲು ವಿಷ, ನನ್ನದು ಹಾಗಲ್ಲ ಎಂದು ಗಿರಾಕಿಗಳ ಮುಂದೆ ಸಾರುತ್ತ ಬಂದಳು. ಕಿರಣ ನಾದಿನಿಯ ಮೈಗೂ ಅಂಟಿರುತ್ತದೆ ಅಂತ ನಂಬಿ, ಅವಳಿಗೆ ಬೇರೆ ಲೋಟ ಇಟ್ಟಳು. ಕಿಟಕಿಯ ಅಂಚಿನಲ್ಲಿ, ಮಿಕ್ಕ ಪಾತ್ರೆಗಳಿಗೆ ತಾಗದ ಹಾಗೆ. ಗಂಡ ಬೈದ, ಬೈದು ಸಾಕಾಗಿ ಸುಮ್ಮನಾದ.

ತಕ್ಕಡಿಯಕ್ಕನ ಮಗಳು ಹೆತ್ತು, ಕೂಸಿನ ಜೊತೆ ತವರಿಗೆ ಬಂದ ಮೇಲೆ ಈ ಭಯ ಇನ್ನೂ ಹೆಚ್ಚಿತು. ಒಂದು ರಜೆಯ ದಿನ ನಾದಿನಿ ಕೂಸಿಗೆ ತಾನೇ ಹೊಲಿದ ಅಂಗಿ ತಂದಳು. ಬಾಗಿಲ ಬಳಿಯ ಸ್ಟೂಲಿನ ಮೇಲೆ, ತನ್ನ ಲೋಟ ಹಿಡಿದು ಕೂತಳು.

"ಮಗೂನ ಒಂದ್ಸಲ ಎತ್ಕೊಳ್ಳಲಾ ಅತ್ತಿಗೆ?"

"ಮಲಗಿದೆ" ಅಂದಳು ತಕ್ಕಡಿಯಕ್ಕ. ಕೂಸು ಕಣ್ಣು ಪಿಳಿಪಿಳಿ ಬಿಡುತ್ತ ಕಾಲು ಬಡಿಯುತ್ತಿತ್ತು. ನಾದಿನಿ ಅದನ್ನು ನೋಡಿದಳು.

ಅಂದು ಮಗಳ ಊಟಕ್ಕೆ ಬೆಂದದ್ದು ಅಂಗಡಿಯಲ್ಲಿ ಉಳಿದ ಗಡ್ಡೆ. ಮಾರಾಟವಾಗದೆ ಉಳಿಯುವುದು ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಮಗಳು ಎರಡು ತುತ್ತು ತಿಂದು ಕಹಿ ಅಂದಳು. ಬಾಣಂತಿ ಬಾಯಿಗೆ ಎಲ್ಲ ಕಹಿಯೇ, ತಟ್ಟೆ ಖಾಲಿ ಮಾಡು ಎಂದು ತಾಯಿ ಒತ್ತಾಯ ಮಾಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಮಗಳಿಗೆ ಹೊಟ್ಟೆ ಹಿಂಡಿ ಬಂತು. ವಾಂತಿ, ಭೇದಿ, ನಿಲ್ಲಲೂ ಆಗದಷ್ಟು ಸುಸ್ತು. ತಕ್ಕಡಿಯಕ್ಕ ಎರಡೂ ಕೈಯಲ್ಲಿ ಅವಳನ್ನು ಆತುಕೊಂಡು ಬಾಗಿಲಿಗೆ ಬಂದಳು. ಒಳಗೆ ಕೂಸು ಕಿರುಚುತ್ತಿತ್ತು. ನಾದಿನಿ ತೊಟ್ಟಿಲ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದಳು.

"ಅತ್ತಿಗೆ, ಈಗಾದ್ರೂ ಎತ್ಕೊಳ್ಳಲಾ?"

ತಕ್ಕಡಿಯಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಇಂಥ ಹೊತ್ತಲ್ಲೂ ಅಪ್ಪಣೆ ಕೇಳುವ ಹಾಗೆ ತಾನು ಈ ಹುಡುಗಿಯನ್ನು ಮಾಡಿಬಿಟ್ಟೆನಲ್ಲ. ಹೂಂ ಎಂದು ತಲೆಯಾಡಿಸಿದಳು.

ಆಸ್ಪತ್ರೆಯಲ್ಲಿ ವೈದ್ಯೆ ಮಗಳಿಗೆ ಡ್ರಿಪ್ ಹಾಕಿ, ತಿಂದದ್ದೇನು ಅಂತ ವಿಚಾರಿಸಿದಳು. ಆಲೂಗಡ್ಡೆ ಅಂದಾಗ, ಮೊಳಕೆ ಬಂದಿತ್ತಾ, ಸಿಪ್ಪೆ ಹಸಿರಾಗಿತ್ತಾ ಎಂದಳು.

ಮಾರುಕಟ್ಟೆಯಲ್ಲಿ ಮಾತಿನಲ್ಲಿ ಯಾರಿಗೂ ಬಗ್ಗದ ಹೆಂಗಸು ನೆಲ ನೋಡಿದಳು. "ಬಂದಿತ್ತು. ಹಸಿರೂ ಆಗಿತ್ತು. ಮೊಳಕೆ ನಾನೇ ಮುರಿದು ಹಾಕಿದ್ದೆ."

"ಮೊಳಕೆ ಮುರಿದ್ರೆ ಹಸಿರು ಗಡ್ಡೆಯ ವಿಷ ಹೋಗಲ್ಲಮ್ಮ. ಬೇಯಿಸಿದ್ರೂ ಹೋಗಲ್ಲ. ಮಗಳು ಬೇಗ ಹುಷಾರಾಗ್ತಾಳೆ, ಹೆದರಬೇಡಿ. ಆದ್ರೆ ಅಂಥದ್ದನ್ನ ಯಾರಿಗೂ ಕೊಡಬೇಡಿ."

ಯಾರಿಗೂ ಅಂದರೆ? ತಕ್ಕಡಿಯಕ್ಕನ ಕಣ್ಣ ಮುಂದೆ ಗಿರಾಕಿಗಳ ಚೀಲಗಳು ಸಾಲಾಗಿ ಬಂದವು. ನೆಟ್ಟಗೆ ತೂಗಿ, ವಿಷದ ಗಡ್ಡೆ ಸುರಿದು ಕೊಟ್ಟ ಚೀಲಗಳು. ಅವಳು ನಾಚಿಕೆಯಿಂದ ಹಿಡಿಯಷ್ಟಾದಳು.

ಕೂಸನ್ನೆತ್ತಿಕೊಂಡು ಹಿಂದೆಯೇ ಬಂದಿದ್ದ ನಾದಿನಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಕೂಸು ಅವಳ ತೋಳಿನಲ್ಲಿ ಮುಷ್ಟಿ ಕಟ್ಟಿಕೊಂಡು ಈ ಸಲ ನಿಜವಾಗಿ ನಿದ್ದೆ ಮಾಡುತ್ತಿತ್ತು. ತಕ್ಕಡಿಯಕ್ಕ ಪಕ್ಕದಲ್ಲಿ ಕೂತಳು. ಕಿರಣ ಮೈಗೆ ಅಂಟಲ್ವಾ ಎಂದು ಮೆಲ್ಲಗೆ ಕೇಳಿದಳು.

"ದಿನಾ ಬಿಸಿಲಲ್ಲಿ ಕೂತು ವ್ಯಾಪಾರ ಮಾಡ್ತೀರಲ್ಲ, ಒಳಗೆ ಬಂದ ಮೇಲೆ ನಿಮ್ಮ ಮೈಯಿಂದ ಬೆಳಕು ಬರುತ್ತಾ ಅತ್ತಿಗೆ? ಇದೂ ಹಾಗೇ. ಗಡ್ಡೆಯೊಳಗೆ ಹಾದು ಹೋಗುತ್ತೆ, ಉಳಿಯಲ್ಲ. ದಪ್ಪ ಗೋಡೆಯ ಕೋಣೆ ಅದು. ಕಿರಣ ಇರೋವಾಗ ಪೆಟ್ಟಿಗೆಗಳು ಮಾತ್ರ ಒಳಗೆ ಸಾಗ್ತವೆ, ನಾವು ಯಾರೂ ಹೋಗಲ್ಲ."

ಸ್ವಲ್ಪ ಕಿರಣ ಕೊಟ್ಟರೆ ಮೊಳಕೆ ಅಡಗುತ್ತದೆ, ಇನ್ನಷ್ಟು ಕೊಟ್ಟರೆ ಧಾನ್ಯ, ಹಣ್ಣಿನ ಹುಳ ಸಾಯುತ್ತದೆ, ಮತ್ತೂ ಹೆಚ್ಚು ಕೊಟ್ಟರೆ ಮಸಾಲೆಯಲ್ಲಿನ ಕಣ್ಣಿಗೆ ಕಾಣದ ಕ್ರಿಮಿ ಸಾಯುತ್ತದೆ ಎಂದು ನಾದಿನಿ ಬಿಡಿಸಿ ಹೇಳಿದಳು.

ತಕ್ಕಡಿಯಕ್ಕ ವ್ಯಾಪಾರದವಳಲ್ಲವೇ, ಅಷ್ಟರಲ್ಲೂ ಒಂದು ಪ್ರಶ್ನೆ ಎಸೆದಳು. "ಹಾಗಾದ್ರೆ ಕೆಟ್ಟದ್ದನ್ನೂ ಹಾಯಿಸಿದ್ರೆ ಸರಿಹೋಗುತ್ತಾ?"

"ಇಲ್ಲ ಅತ್ತಿಗೆ. ಕೊಳೆತದ್ದು ಕೊಳೆತದ್ದೇ. ಬೆಳಕಿಗೆ ಇಟ್ರೆ ಕಿರಣ ಹಾಯಿಸಿದ ಗಡ್ಡೆನೂ ಹಸಿರಾಗುತ್ತೆ. ತೊಳೆಯೋದು, ಜೋಪಾನ ಮಾಡೋದು ಯಾವುದನ್ನೂ ಬಿಡೋ ಹಾಗಿಲ್ಲ."

"ಇದನ್ನೆಲ್ಲ ಮುಂಚೆನೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ನೀವು ಆವಾಗ ನನ್ನ ಲೋಟ ತೊಳೀತಾ ಇದ್ರಿ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ತಕ್ಕಡಿಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನನ್ನಿಂದ ತಪ್ಪಾಯಿತು ಅಂದಳು. ನಾದಿನಿ ಕೂಸನ್ನು ಅವಳಿಗೆ ಕೊಡಲು ಹೋದಳು. ಬೇಡ, ನಿನ್ನ ಹತ್ತಿರವೇ ಇರಲಿ ಎಂದಳು ಅತ್ತಿಗೆ.

ಮಗಳು ಹುಷಾರಾಗಿ ಮನೆಗೆ ಬಂದಳು. ಮಾರನೆಯ ಬೆಳಿಗ್ಗೆ ತಕ್ಕಡಿಯಕ್ಕ ಪರದೆ ಕಿತ್ತು, ಗಿರಾಕಿಗಳ ಎದುರಿಗೇ ಹಸಿರು ಗಡ್ಡೆಯನ್ನೆಲ್ಲ ತಿಪ್ಪೆಗೆ ಸುರಿದಳು. ಕಿರಣದ ಮಾಲಿನ ಬಗ್ಗೆ ಹೇಳಿದ್ದೆಲ್ಲ ಸುಳ್ಳು ಎಂದಳು. ಕೆಲವರು ನಕ್ಕರು, ಒಬ್ಬಳು ಅಜ್ಜಿ ಚೆನ್ನಾಗಿ ಬೈದಳು. ತಕ್ಕಡಿಯಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಈಗ ಅವಳ ಅಂಗಡಿಗೆ ಬರುವ ಗಡ್ಡೆಯ ಮೂಟೆಯ ಮೇಲೆ, ಕಿರಣ ಹಾಯಿಸಿದ್ದು ಎಂದು ತಿಳಿಸುವ, ಹಸಿರು ವೃತ್ತದೊಳಗೆ ಎರಡೆಲೆಯ ಗುರುತು ಇರುತ್ತದೆ. ನಾದಿನಿ ಬಂದಾಗ ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಳ್ಳುತ್ತಾಳೆ. ಕಿಟಕಿಯ ಅಂಚಿನ ಲೋಟ ಮಿಕ್ಕ ಲೋಟಗಳ ಜೊತೆ ಸೇರಿದೆ, ಆದರೆ ತಕ್ಕಡಿಯಕ್ಕನಿಗೆ ಅದರ ಗುರುತು ಸಿಗುತ್ತದೆ. ಹುಡುಕಿ, ಅದರಲ್ಲೇ ತಾನು ನೀರು ಕುಡಿಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಪೊಟ್ಟಣದ ಮೇಲೆ ಆ ಎರಡೆಲೆಯ ಗುರುತು ಕಂಡರೆ ಹೆದರಿ ಕೈ ಹಿಂದೆಗೆಯಬೇಡಿ. ಗಡ್ಡೆಯನ್ನು ಕತ್ತಲಲ್ಲಿ, ಗಾಳಿಯಾಡುವ ಕಡೆ ಇಡಿ. ಹಸಿರಾದದ್ದನ್ನು, ಕಹಿಯಾದದ್ದನ್ನು ಎಸೆಯಿರಿ. ಅನುಮಾನ ಬಂದರೆ ತಿಳಿದವರನ್ನು ಕೇಳಿ. ಮತ್ತೆ, ನಿಮ್ಮ ಮನೆಯ ಕಿಟಕಿಯಲ್ಲೂ ಯಾರಿಗಾದರೂ ಬೇರೆ ಲೋಟ ಇಟ್ಟಿದ್ದರೆ, ಇವತ್ತೇ ಒಳಗೆ ತಂದಿಡಿ.