ಕೂಗಿದರೆ ಬರುವವರು

ಅವರು ಯಾರಿಗಾಗಿಯೂ ಕಾದು ನಿಂತದ್ದನ್ನು ನಾನು ಕಂಡಿರಲಿಲ್ಲ. ಬ್ಯಾಂಕಿನಲ್ಲಾಗಲಿ, ದಂತವೈದ್ಯರ ಬಾಗಿಲಲ್ಲಾಗಲಿ, ಚೀಟಿ ಕೊಟ್ಟು, "ಕೂಗಿ, ಬರ್ತೀನಿ" ಎಂದು ಹೇಳಿ, ಮೊಣಕೈ ಸವೆದ ಬೂದುಬಣ್ಣದ ಕೋಟನ್ನು ತಮ್ಮ ಪ್ರತಿನಿಧಿಯಾಗಿ ಕುರ್ಚಿಯ ಮೇಲೆ ಬಿಟ್ಟು, ಎಡಗಾಲನ್ನು ತುಸು ಎಳೆದು ಹಾಕುವ ನಿರಾತಂಕ ನಡಿಗೆಯಲ್ಲಿ ಬೇರೊಂದು ಕೆಲಸಕ್ಕೆ ಹೊರಟುಬಿಡುತ್ತಿದ್ದರು. ಕೂಗಿದಾಗ ಮಾತ್ರ ತಪ್ಪದೆ ಹಾಜರು. ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ನಾವೆಲ್ಲ ಅವರನ್ನು 'ಕೂಗಿ ಸಾಹೇಬರು' ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ.

ಆಂಬುಲೆನ್ಸ್ ಕೇಂದ್ರದ ಸರ್ವರಿನಲ್ಲಿ ಹಗಲಿರುಳು ಓಡುತ್ತ, ರಸ್ತೆಯಲ್ಲಿರುವ ಗಾಡಿಗಳಿಗೆ ಕರೆಗಳನ್ನು ಹಂಚುವ ಪ್ರೋಗ್ರಾಮ್ ಬರೆಯುವ ಹೊಣೆ ಅವರ ಪಾಲಿಗೆ ಬಂತು. ನಮ್ಮ ಮ್ಯಾನೇಜರಮ್ಮನಿಗೆ ಪ್ರತಿ ಗಾಡಿಗೂ ಒಂದೊಂದು ಥ್ರೆಡ್ ಬೇಕಿತ್ತು, ಅಂದರೆ ಒಳಗೆ ಒಬ್ಬೊಬ್ಬ ಆಳನ್ನು ಕೂರಿಸಿದ ಹಾಗೆ. ಇವರು ತಲೆಯಲ್ಲಾಡಿಸಿದರು. "ಅಷ್ಟು ಜನ ಸುಮ್ನೆ ಬಾಯಿ ಬಿಟ್ಕೊಂಡು ಕೂತಿರೋದ್ಯಾಕೆ ಮೇಡಂ? ಒಂದೇ ಲೂಪ್ ಸಾಕು, ಎಲ್ಲರಿಗೂ ಸೇರಿ ಒಬ್ಬನೇ ಆಳಿದ್ದ ಹಾಗೆ. ಯಾವ ಗಾಡಿಯಿಂದ ಸುದ್ದಿ ಬರುತ್ತೋ ಅದಕ್ಕೆ ಎದ್ದು ಉತ್ತರ ಕೊಡುತ್ತೆ, ಮತ್ತೆ ಮಲಗುತ್ತೆ." ಅವರು ಬರೆಯಹೊರಟಿದ್ದು ತಮ್ಮ ಆತ್ಮಚರಿತ್ರೆಯನ್ನೇ ಎಂದು ನಾವು ಟೀ ಕುಡಿಯುತ್ತ ನಕ್ಕೆವು.

ಪ್ರಯೋಗದ ವಾರದಲ್ಲಿ, ಸೇತುವೆಯ ಕೆಳಗೆ ಹೋದ ಗಾಡಿಯೊಂದರ ಸಂಪರ್ಕ ಸದ್ದಿಲ್ಲದೆ ಕಡಿದುಹೋಯಿತು. ಕಡಿದದ್ದನ್ನು ಹೇಳುವವರು ಯಾರೂ ಇಲ್ಲದ್ದರಿಂದ ಲೂಪ್ ನಿಶ್ಚಿಂತೆಯಿಂದಿತ್ತು. ಎದೆನೋವಿನ ವೃದ್ಧರೊಬ್ಬರ ಕರೆಯನ್ನು ಆ ಗಾಡಿಗೇ ಕಳಿಸಿ ಕೈತೊಳೆದುಕೊಂಡಿತು. ಕೇಂದ್ರದ ಆಪರೇಟರ್ ಅನುಮಾನಪಟ್ಟು ಫೋನಿನಲ್ಲೇ ಇನ್ನೊಂದು ಗಾಡಿಯನ್ನು ಓಡಿಸದಿದ್ದರೆ ಆ ಜೀವ ಉಳಿಯುತ್ತಿರಲಿಲ್ಲ. "ಗಾಡಿ ಹೇಳದಿದ್ರೆ ನನಗೆ ಹೇಗ್ರೀ ಗೊತ್ತಾಗ್ಬೇಕು?" ಎಂದು ಇವರು ವಾದಿಸಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ಸೋಮವಾರದೊಳಗೆ ಸರಿಹೋಗದಿದ್ದರೆ ಪ್ರೋಗ್ರಾಮನ್ನೇ ಕೈಬಿಡುವುದಾಗಿ ಮ್ಯಾನೇಜರಮ್ಮ ಗಡುವು ಕೊಟ್ಟರು.

ಅವರ ಹೆಂಡತಿಗೆ ಆಗಷ್ಟೇ ಗಂಟಲಿನ ಆಪರೇಷನ್ ಆಗಿ, ಮಾತಾಡಕೂಡದೆಂದು ವೈದ್ಯರು ಹೇಳಿದ್ದರು. ಭಾನುವಾರ ಇವರು ಆಕೆಯ ದಿಂಬಿನ ಪಕ್ಕ ಪೂಜೆಯ ಕೈಗಂಟೆಯನ್ನಿಟ್ಟು, "ಬಾರಿಸು, ಬರ್ತೀನಿ" ಎಂದು ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತರು. ಗಂಟೆಯ ಸದ್ದಿಲ್ಲ, ಆರಾಮಾಗಿದ್ದಾಳೆ ಎಂದುಕೊಂಡರು. ಮಧ್ಯಾಹ್ನ ಚಾರ್ಜರ್ ಹುಡುಕಿಕೊಂಡು ಒಳಗೆ ಹೋದರೆ, ಏಳಲು ತ್ರಾಣವಿಲ್ಲದೆ, ಬಾಯಾರಿ ತುಟಿ ಒಣಗಿದ್ದ ಆಕೆ ಮಂಚದ ಕೆಳಗೆ ಬೆರಳು ತೋರಿಸಿದರು. ಗಂಟೆ ಅಲ್ಲಿಗೆ ಉರುಳಿತ್ತು.

ಇದನ್ನು ಮರುದಿನ ಅವರೇ ನನಗೆ ಹೇಳಿದರು, ಟೀ ಆರಿ ತಣ್ಣಗಾಗುವವರೆಗೂ ಲೋಟ ಮುಟ್ಟದೆ. ಲೂಪ್ ಹಾಗೆಯೇ ಉಳಿದಿತ್ತು. ಆದರೆ ಅದರೊಳಗೆ ಟೈಮರೊಂದು ಸೇರಿತ್ತು. ಸುಮ್ಮನಿರುವ ಗಾಡಿಯನ್ನು ಅದು ಆಗಾಗ "ಇದ್ದೀಯಾ?" ಎಂದು ವಿಚಾರಿಸುತ್ತಿತ್ತು, ಉತ್ತರ ಬಾರದಿದ್ದರೆ ಕರೆ ಬೇರೆ ಗಾಡಿಗೆ ಹೋಗುತ್ತಿತ್ತು. ಮ್ಯಾನೇಜರಮ್ಮ ಒಪ್ಪಿಕೊಂಡರು.

ಕೂಗಿದರೆ ಬರುವವರು ಕಲ್ಲುಮನಸ್ಸಿನವರಲ್ಲ. ಅವರಷ್ಟು ನೆಚ್ಚಬಹುದಾದ ಜನ ಅಪರೂಪ. ಆದರೆ ಎಲ್ಲರಿಗೂ ಕೂಗುವಷ್ಟು ದನಿಯಿದೆಯೆಂದು ಅವರು ನಂಬಿರುತ್ತಾರೆ, ಮೌನವನ್ನು ಕ್ಷೇಮಸಮಾಚಾರವೆಂದೇ ಓದಿಕೊಳ್ಳುತ್ತಾರೆ. ಆಕೆಯ ಗಂಟಲು ಈಗ ಪೂರ್ತಿ ವಾಸಿಯಾಗಿದೆ. ಆದರೂ ಇವರು ಆಗಾಗ ಕೋಣೆಯ ಬಾಗಿಲಿಗೆ ಬಂದು, ಏನಾದರೂ ಬೇಕಾ ಎಂದು ಕೇಳುತ್ತಾರೆ. "ಬೇಕಾದ್ರೆ ಕೂಗ್ತೀನಿ, ಹೋಗ್ರಿ" ಎಂದು ಆಕೆ ರೇಗುತ್ತಾರಂತೆ. ಇವರು ಹೋಗುವುದಿಲ್ಲ, ಅಲ್ಲೇ ಕಾಯುತ್ತಾರೆ.