ಬ್ಲಾಕ್ ಆದವನ ಮದುವೆ

ಮದ್ದೂರಿನ ಅಳಸಿಂಗಯ್ಯಂಗಾರರು ರೈಲ್ವೆಯಲ್ಲಿ ಗುಮಾಸ್ತರು. ಮುಂದಿನ ಗಾಡಿ ಹಳಿ ಬಿಡದೆ ಹಿಂದಿನದು ನಿಂತರೆ ಅದಕ್ಕೆ ‘ಬ್ಲಾಕ್’ ಅನ್ನುತ್ತಿದ್ದರು. ಮಾತು ಅವರ ಜೊತೆ ಮನೆಗೂ ಬಂತು. ಬಚ್ಚಲ ನೀರು ನಿಂತರೆ ಬ್ಲಾಕ್, ಅಜ್ಜಿಗೆ ಹೊಟ್ಟೆ ಕಟ್ಟಿದರೆ ಬ್ಲಾಕ್. ಯುದ್ಧದ ಮೂರನೆಯ ವರ್ಷ ಅದು ಹಿರಿಯ ಮಗ ತಿರುನಾರಾಯಣನ ಹೆಸರೇ ಆಯಿತು.

ಜ್ವರದಲ್ಲಿ ಅವನ ಒಂದು ಕಾಲು ಸೊರಗಿತ್ತು. ಮಳವಳ್ಳಿಯ ಸೋದರಮಾವನ ಮಗಳು ಆಂಡಾಳ್ ಅವನಿಗೆಂದೇ ತೊಟ್ಟಿಲಲ್ಲಿ ಗೊತ್ತಾದವಳು. ಕಾಲು ನೋಡಿದ ಮೇಲೆ ಮಾವ ಕಿರಿಯವನಾದ ಸಂಪತ್ ಕುಮಾರನನ್ನು ಕೇಳಿದರು. ಆದರೆ ಅಣ್ಣ ಬ್ರಹ್ಮಚಾರಿಯಾಗಿರುವಾಗ ತಮ್ಮ ಹಸೆಯೇರುವಂತಿಲ್ಲ.

“ಅಣ್ಣ ಎಲ್ಲೋ?” ಎಂದು ತಾಯಿ ಗೋದಮ್ಮ ಕೇಳಿದರೆ ಸಂಪತ್, “ಬ್ಲಾಕು ಹಿತ್ತಲಲ್ಲಿದೆ” ಅನ್ನುತ್ತಿದ್ದ.

ಪುರೋಹಿತರು ದಾರಿ ತೋರಿಸಿದರು. ಹಿರಿಯವನಿಗೆ ಬಾಳೆಗಿಡದ ಜೊತೆ ತಾಳಿ ಕಟ್ಟಿಸುವುದು, ಗಿಡ ಕಡಿಯುವುದು, ಸ್ನಾನ ಮಾಡಿಸುವುದು. ಅವನು ಮದುವೆಯಾದವನೂ ಹೌದು, ಹೆಂಡತಿ ಸತ್ತವನೂ ಹೌದು.

ಸಂಪತ್‌ನ ನಿಶ್ಚಿತಾರ್ಥದ ದಿನ ಬೆಳಿಗ್ಗೆ ಶಿಂಷಾ ದಂಡೆಯ ತೋಟದ ಮರಿಯಯ್ಯ ಗಡ್ಡೆಸಮೇತ ಒಂದು ಬಾಳೆ ತಂದು ಹಿತ್ತಲಲ್ಲಿ ನೆಟ್ಟ. ಗೋದಮ್ಮ ಅದಕ್ಕೆ ತನ್ನ ಹಳೆಯ ರವಿಕೆ ಕಣ ಸುತ್ತಿ ಕುಂಕುಮ ಇಟ್ಟಳು. ತಿರುನಾರಾಯಣ ಅರಿಸಿನದ ದಾರ ಕಟ್ಟಿದ. ಗಂಟು ಬಿಗಿಯಾದರೆ ನಾರು ನೋಯುತ್ತದೇನೋ ಎಂಬಂತೆ ಸಡಿಲವಾಗಿಯೇ ಕಟ್ಟಿದ.

“ಮರಿಯಯ್ಯ, ಕತ್ತಿ ತಗೋ” ಎಂದರು ಅಯ್ಯಂಗಾರರು.

ತಿರುನಾರಾಯಣ ಗಿಡ ಬಿಡಲಿಲ್ಲ. “ಕಡೀಬೇಡಿ ಅಪ್ಪ. ಹಿತ್ತಲಲ್ಲೇ ಇರಲಿ. ನಾನು ನೀರು ಹಾಕ್ಕೊಂಡಿರ್ತೀನಿ.”

“ಹೆಂಡತಿ ಬದುಕಿದ್ರೆ ನಿನಗೆ ಇನ್ನೊಬ್ಬಳನ್ನ ತರೋದು ಹ್ಯಾಗೋ?”

“ತರ್ತೀರಾ?”

ಗೋದಮ್ಮ ಒಲೆ ನೋಡುವ ನೆಪದಲ್ಲಿ ಒಳಗೆ ಹೋದಳು.

ಮರಿಯಯ್ಯ ಕತ್ತಿ ಎತ್ತದೆ ನಿಂತಿದ್ದ. “ಗೊನೆ ಆಕೋ ಗಿಡ ಕಣ್ ಸ್ವಾಮಿ. ಒಂದೆರಡು ತಿಂಗ್ಳು ಬುಡಿ, ಒಟ್ಟೆಗಾದ್ರೂ ಆಯ್ತದೆ. ಆ ಉಡುಗನ ಮಕ ನೋಡಿ ಒಸಿ.”

“ನೀನೂ ಬ್ಲಾಕ್ ಆಗಬೇಡವಯ್ಯ. ಹನ್ನೊಂದಕ್ಕೆ ಬೀಗರ ಗಾಡಿ ಬಂದುಬಿಡುತ್ತೆ.”

ಸಂಪತ್ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಮರಿಯಯ್ಯ ಮುಖ ತಿರುಗಿಸಿಕೊಂಡು ಒಂದೇ ಏಟಿಗೆ ಕಡಿದ. ತಿರುನಾರಾಯಣನ ತಲೆಯ ಮೇಲೆ ತಣ್ಣೀರು ಸುರಿದರು. “ಲೈನ್ ಕ್ಲಿಯರ್” ಎಂದ ಸಂಪತ್.

ಸಂತೆಯಲ್ಲಿ ಎಲೆ ತುಟ್ಟಿಯಾಗಿತ್ತು. ಗೋದಮ್ಮ ಬಿದ್ದ ಗಿಡದ ಎಲೆಗಳನ್ನೇ ಕೊಯ್ದು ತೊಳೆದಳು. ಬೀಗರಿಗೆ ಬಡಿಸಲು ಕೈ ಸಾಲದೆ, ಎಲೆ ಹಾಕುವ ಕೆಲಸ ತಿರುನಾರಾಯಣನಿಗೆ ಬಂತು. ಕುಂಟುತ್ತ ಒಬ್ಬೊಬ್ಬರ ಮುಂದೆ ಹಾಕುತ್ತ ಬಂದು ಕೊನೆಗೆ ಆಂಡಾಳ್ ಮುಂದೆಯೂ ಹಾಕಿದ.

“ಏನೋ, ನಿಂದೂ ಆಯ್ತಂತೆ?” ಎಂದರು ಮಾವ.

“ಆಯ್ತು ಮಾವ. ಬೆಳಿಗ್ಗೆ ಮದುವೆ, ಗಾಡಿ ಬರೋದರೊಳಗೆ ತೀರಿಕೊಂಡಳು. ಅವಳ ಮೇಲೇ ಬಡಿಸ್ತಿದ್ದಾರೆ, ಊಟ ಮಾಡಿ.”

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಕಾಲು ಹೋದರೂ ಹುಡುಗನ ಬಾಯಿ ಚುರುಕು ಎಂದು ಯಾರೋ ಮೆಚ್ಚಿದರು. ಆಂಡಾಳ್ ಎಲೆಗೆ ನೀರು ಚಿಮುಕಿಸಿ, ಅಂಗೈಯಿಂದ ಸವರಿ ಒರೆಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ತಾನೂ ನಕ್ಕಳು.